ಓದಿದರೆ ಸಾಲದೆ, ಪದವಿ ಯಾಕೆ?

ಕಳೆದ ದಸರೆಯಲ್ಲಿ ನಮ್ಮ ಮಹಿಳಾ ವೇದಿಕೆಯ ಗೆಳತಿಯೊಬ್ಬರ ಮನೆಗೆ ಗೊಂಬೆ ನೋಡಲು ಹೋಗಿದ್ದೆವು. ಆರತಿ ಮುಗಿದು ಚರಪು ಕೈಗೆ ಬರುವ ಹೊತ್ತಿಗೆ ನಾನು ಮೆಲ್ಲಗೆ ಸುದ್ದಿ ಹೇಳಿದೆ: "ಎಂ.ಎ. ಸೈಕಾಲಜಿಗೆ ಸೇರಿಕೊಂಡಿದ್ದೀನಿ." ಮುಕ್ತ ವಿಶ್ವವಿದ್ಯಾನಿಲಯ, ಮನೆಯಲ್ಲೇ ಕೂತು ಓದುವ ಕೋರ್ಸು. ನನಗೀಗ 62. ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷ ಕಳೆದಿದೆ.

ಎಲ್ಲರೂ ಸಂತೋಷಪಟ್ಟರು. ಆಮೇಲೆ ಒಬ್ಬರು ಕೇಳಿದರು: "ಅಲ್ಲ ರೀ, ಓದಬೇಕು ಅಂದ್ರೆ ಪುಸ್ತಕ ತಂದು ಓದ್ಕೊಳ್ಳಿ. ಯೂಟ್ಯೂಬಿನಲ್ಲಿ ಎಷ್ಟೊಂದು ಪಾಠ ಇದೆ. ಈ ವಯಸ್ಸಿನಲ್ಲಿ ಪರೀಕ್ಷೆ, ಪದವಿ ಎಲ್ಲ ಯಾಕೆ?"

ಕೆಟ್ಟ ಮನಸ್ಸಿನಿಂದ ಕೇಳಿದ ಮಾತಲ್ಲ. ಆದರೂ ಆಗ ನನಗೆ ಉತ್ತರ ಹೊಳೆಯಲಿಲ್ಲ, ನಕ್ಕು ಸುಮ್ಮನಾದೆ. ಆಮೇಲೆ ಈ ವಿಷಯದ ಚರಿತ್ರೆ ಓದುತ್ತಾ ಹೋದ ಹಾಗೆ ಒಂದು ಸಂಗತಿ ಗೊತ್ತಾಯಿತು. ಇದೇ ಪ್ರಶ್ನೆಯನ್ನು ಸುಮಾರು 130 ವರ್ಷಗಳ ಹಿಂದೆ, ಪ್ರಪಂಚದ ದೊಡ್ಡ ವಿಶ್ವವಿದ್ಯಾನಿಲಯವೊಂದು ಒಬ್ಬ ಹೆಣ್ಣುಮಗಳಿಗೆ ಕೇಳಿತ್ತು. ಅವಳ ಕಥೆಯನ್ನೂ ಅಲ್ಲಿಂದ ನಮ್ಮ ಮೈಸೂರಿನವರೆಗೆ ಬರುವ ಒಂದು ದಾರಿಯನ್ನೂ ಇಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಮನೆಯ ಮಾತು ಸ್ವಲ್ಪ ಹೇಳಬೇಕು.

ಪುಟ್ಟತ್ತೆ

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಸರಸ್ವತಿಪುರಂನಲ್ಲಿ. 1969ರಲ್ಲಿ, ನನಗೆ ಏಳು ವರ್ಷವಿದ್ದಾಗ, ನನ್ನ ಸೋದರತ್ತೆ ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದರು. ನಾವು ಅವರನ್ನು ಪುಟ್ಟತ್ತೆ ಎನ್ನುತ್ತಿದ್ದೆವು. ಮಗು ಹುಟ್ಟಿ ಹತ್ತು ಹನ್ನೆರಡು ದಿನಕ್ಕೆ ಅವರಿಗೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಓಡಾಡುತ್ತಿದ್ದರು. ಆಮೇಲೆ ಒಂದು ದಿನ, ಈ ಮಗು ನನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂದು ಕೂಗಾಡಿದರು. ಅಜ್ಜಿ ಬಾಣಂತಿ ಸನ್ನಿ ಅಂದರು. ತಾಯಿತ ಕಟ್ಟಿಸಿದರು, ದೃಷ್ಟಿ ತೆಗೆದರು. ಯಾವುದೂ ನಾಟದಾಗ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ಕೆಲವೇ ತಿಂಗಳಲ್ಲಿ ಪುಟ್ಟತ್ತೆ ಪೂರ್ತಿ ಗುಣವಾದರು. ಲೆಕ್ಕ, ಅಡುಗೆ, ಹಾಡು ಎಲ್ಲ ಮೊದಲಿನಂತೆ. ಆದರೆ ಗಂಡನ ಮನೆಯವರು ಕರೆದುಕೊಂಡು ಹೋಗಲು ಬರಲಿಲ್ಲ. ಮಕ್ಕಳು ಅಲ್ಲಿ ಬೆಳೆದರು, ಅತ್ತೆ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಉಳಿದರು. ಸ್ವಲ್ಪ ಗಟ್ಟಿಯಾಗಿ ನಕ್ಕರೂ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕಾಯಿಲೆ ಹೋಗಿತ್ತು, ಹೆಸರು ಹೋಗಲಿಲ್ಲ.

1980ರಲ್ಲಿ ಪಿ.ಯು.ಸಿ. ಮುಗಿಸಿ, ಬಿ.ಎ.ಯಲ್ಲಿ ಸೈಕಾಲಜಿ ತೆಗೆದುಕೊಳ್ಳುತ್ತೇನೆ ಅಂದೆ. ಮುಂದೆ ಎಂ.ಎ.ಗೆ ಮಾನಸಗಂಗೋತ್ರಿ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಪ್ಪ ಬೈಯಲಿಲ್ಲ. ಪತ್ರಿಕೆ ಮಡಿಸಿಟ್ಟು, "ಬೇಡಮ್ಮ. ಮನೇಲಿ ಮೊದಲೇ ಒಬ್ಬಳಿದ್ದಾಳೆ. ನೀನು ಹುಚ್ಚರ ಓದು ಓದಿದೆ ಅಂದ್ರೆ ನಾಳೆ ನಿನ್ನ ಮದುವೆಗೆ ಯಾರು ಬರ್ತಾರೆ?" ಅಂದರು. ಯಾರಿಗಾಗಿ ನಾನು ಆ ವಿಷಯ ಓದಬೇಕೆಂದಿದ್ದೆನೋ ಅವರ ಹೆಸರೇ ನನ್ನ ದಾರಿಗೆ ಅಡ್ಡ ಬಂತು. ಬಿ.ಕಾಂ. ಓದಿದೆ, ಮದುವೆಯಾಗಿ ಮುಂಬೈಗೆ ಬಂದೆ, ಬ್ಯಾಂಕ್ ಸೇರಿದೆ. ಜೀವನ ಚೆನ್ನಾಗಿಯೇ ನಡೆಯಿತು. ಆದರೆ ಆ ಆಸೆ ಪೆಟ್ಟಿಗೆಯ ತಳದಲ್ಲಿಟ್ಟ ಸೀರೆಯ ಹಾಗೆ ಅಲ್ಲೇ ಇತ್ತು.

ಹಾಜರಿ ಪಟ್ಟಿಯಲ್ಲಿ ಇಲ್ಲದ ವಿದ್ಯಾರ್ಥಿನಿ

ಈಗ ಅಮೆರಿಕದ ಕಥೆಗೆ ಬರುತ್ತೇನೆ. ಮೇರಿ ವಿಟನ್ ಕಾಲ್ಕಿನ್ಸ್ ಹುಟ್ಟಿದ್ದು 1863ರಲ್ಲಿ. ತಂದೆ ಪಾದ್ರಿ. ವೆಲ್ಲೆಸ್ಲಿ ಎಂಬ ಮಹಿಳಾ ಕಾಲೇಜಿನಲ್ಲಿ ಆಕೆ ಗ್ರೀಕ್ ಭಾಷೆ ಕಲಿಸುತ್ತಿದ್ದಳು. ಆಗ ಮನಃಶಾಸ್ತ್ರ ಹೊಸ ವಿಜ್ಞಾನ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಅದಕ್ಕೊಂದು ಪ್ರಯೋಗಶಾಲೆ ತೆರೆದು ಹತ್ತು ಹನ್ನೊಂದು ವರ್ಷವಾಗಿತ್ತು, ಅಷ್ಟೇ. ವೆಲ್ಲೆಸ್ಲಿಯಲ್ಲಿ ಆ ವಿಷಯ ಕಲಿಸುವವರು ಬೇಕಾಗಿದ್ದರು. ಒಂದು ವರ್ಷ ಎಲ್ಲಾದರೂ ಓದಿ ಬಂದರೆ ಆ ಹುದ್ದೆ ನಿನಗೆ ಎಂದು ಕಾಲ್ಕಿನ್ಸ್‌ಗೆ ಹೇಳಿದರು.

ಹತ್ತಿರದಲ್ಲೇ ಹಾರ್ವರ್ಡ್ ಇತ್ತು. ಅಲ್ಲಿ ವಿಲಿಯಂ ಜೇಮ್ಸ್ ಇದ್ದರು. ಅವರ ಮನಃಶಾಸ್ತ್ರದ ಹೆಸರಾಂತ ಗ್ರಂಥ ಅದೇ 1890ರಲ್ಲಿ ಅಚ್ಚಾಗಿತ್ತು. ಜೇಮ್ಸ್ ಬಾ ಎಂದರು. ಆದರೆ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಒಪ್ಪಲಿಲ್ಲ. ಗಂಡು ಹೆಣ್ಣು ಒಂದೇ ಕೋಣೆಯಲ್ಲಿ ಓದುವುದು ಅವರಿಗೆ ಸರಿಬರುತ್ತಿರಲಿಲ್ಲ. ಕಾಲ್ಕಿನ್ಸ್‌ಳ ತಂದೆ ಮನವಿ ಬರೆದರು, ವೆಲ್ಲೆಸ್ಲಿಯವರೂ ಬರೆದರು. 1890ರ ಅಕ್ಟೋಬರಿನಲ್ಲಿ ಅನುಮತಿ ಬಂತು, ಒಂದು ಷರತ್ತಿನ ಮೇಲೆ: ತರಗತಿಯಲ್ಲಿ ಕೂರಬಹುದು, ಆದರೆ ಆಕೆ ವಿದ್ಯಾರ್ಥಿನಿಯಾಗಿ ದಾಖಲಾಗುವಂತಿಲ್ಲ.

ತರಗತಿ ಶುರುವಾದ ಮೇಲೆ ಅಲ್ಲಿದ್ದ ಗಂಡು ವಿದ್ಯಾರ್ಥಿಗಳೆಲ್ಲ ಬಿಟ್ಟುಹೋದರು. ಉಳಿದವರು ಇಬ್ಬರೇ. ಅಗ್ಗಿಷ್ಟಿಕೆಯ ಆ ಕಡೆ ಜೇಮ್ಸ್, ಈ ಕಡೆ ತಾನು ಕೂತು ಪಾಠ ನಡೆಯಿತೆಂದು ಕಾಲ್ಕಿನ್ಸ್ ಆತ್ಮಕಥನದಲ್ಲಿ ನೆನಪಿಸಿಕೊಂಡಿದ್ದಾಳೆ. ಪ್ರಪಂಚದ ಅತ್ಯುತ್ತಮ ಗುರು, ಒಬ್ಬಳೇ ಶಿಷ್ಯೆ, ಹಾಜರಿ ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ.

1891ರಲ್ಲಿ ಆಕೆ ವೆಲ್ಲೆಸ್ಲಿಯಲ್ಲಿ ಮನಃಶಾಸ್ತ್ರದ ಪ್ರಯೋಗಶಾಲೆ ಕಟ್ಟಿದಳು. ಮಹಿಳಾ ಕಾಲೇಜೊಂದರಲ್ಲಿ ಅದೇ ಮೊದಲನೆಯದು. ಅದೇ ಸುಮಾರಿಗೆ ಎಡ್ಮಂಡ್ ಸ್ಯಾನ್‌ಫರ್ಡ್ ಎಂಬ ಪ್ರಾಧ್ಯಾಪಕರ ಜೊತೆ ಕನಸುಗಳ ಅಧ್ಯಯನಕ್ಕೆ ಕೈ ಹಾಕಿದಳು. ರಾತ್ರಿ ಬೇರೆ ಬೇರೆ ಹೊತ್ತಿಗೆ ಅಲಾರಾಂ ಇಟ್ಟುಕೊಂಡು ಏಳುವುದು, ಕಂಡ ಕನಸನ್ನು ಆ ಕ್ಷಣವೇ ಬರೆಯುವುದು. 55 ರಾತ್ರಿಗಳಲ್ಲಿ ಆಕೆ 205 ಕನಸುಗಳನ್ನು ದಾಖಲಿಸಿದಳು. ಕನಸಿನಲ್ಲಿ ಬರುವುದು ಹೆಚ್ಚಾಗಿ ನಮ್ಮ ದಿನನಿತ್ಯದ ಜನ, ಜಾಗ, ಸಂಗತಿಗಳೇ ಎಂದು ತೋರಿಸಿದಳು. ಮುಂದೆ ಫ್ರಾಯ್ಡ್ ತಮ್ಮ ಕನಸಿನ ಗ್ರಂಥದಲ್ಲಿ ಈ ಅಧ್ಯಯನವನ್ನು ಹೆಸರಿಸಿದರು.

ಜರ್ಮನಿಯಿಂದ ಹಾರ್ವರ್ಡಿಗೆ ಬಂದ ಹ್ಯೂಗೋ ಮುನ್‌ಸ್ಟರ್‌ಬರ್ಗ್ ಅವರ ಪ್ರಯೋಗಶಾಲೆಯಲ್ಲೂ ಆಕೆ ಕೆಲಸ ಮಾಡಿದಳು. ಈ ಹೆಸರು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ. ಬಣ್ಣವೊಂದನ್ನು ಸಂಖ್ಯೆಯೊಂದರ ಜೊತೆ ತೋರಿಸಿ, ಆಮೇಲೆ ಬಣ್ಣ ಮಾತ್ರ ತೋರಿಸಿ ಸಂಖ್ಯೆ ಯಾವುದೆಂದು ಕೇಳುವ ಪರೀಕ್ಷೆಯನ್ನು ಆಕೆ ಅಲ್ಲಿ ರೂಪಿಸಿದಳು. ಜೋಡಿ ಮಾಡಿ ನೆನಪು ಅಳೆಯುವ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ನನ್ನ ಪಠ್ಯಪುಸ್ತಕದಲ್ಲೂ ಇದೆ.

1894ರಲ್ಲಿ ಮುನ್‌ಸ್ಟರ್‌ಬರ್ಗ್, ಈಕೆಯನ್ನು ಪಿಎಚ್.ಡಿ.ಗೆ ಅಭ್ಯರ್ಥಿಯಾಗಿ ತೆಗೆದುಕೊಳ್ಳಿ ಎಂದು ಆಡಳಿತಕ್ಕೆ ಬರೆದರು. ಆಗುವುದಿಲ್ಲ ಎಂಬ ಉತ್ತರ ಬಂತು. ಆದರೂ 1895ರ ಮೇ ತಿಂಗಳಲ್ಲಿ ಜೇಮ್ಸ್, ಮುನ್‌ಸ್ಟರ್‌ಬರ್ಗ್ ಮತ್ತಿತರ ಪ್ರಾಧ್ಯಾಪಕರು ಕೂತು ಅನಧಿಕೃತವಾಗಿ ಪರೀಕ್ಷೆ ನಡೆಸಿದರು. ಹಾರ್ವರ್ಡಿನಲ್ಲಿ ಅದುವರೆಗೆ ಕಂಡ ಪಿಎಚ್.ಡಿ. ಪರೀಕ್ಷೆಗಳಲ್ಲೇ ಇದು ಅತ್ಯಂತ ಪ್ರತಿಭಾಪೂರ್ಣವಾದದ್ದು ಎಂದು ಜೇಮ್ಸ್ ಮೆಚ್ಚಿದರು. ಪದವಿ ಮಾತ್ರ ಬರಲಿಲ್ಲ.

ಓದಿದರೆ ಮೈ ಕೆಡುತ್ತದೆ ಎಂದವರು

ಅಷ್ಟು ಕಲಿಸಿದವರು ಒಂದು ಕಾಗದ ಕೊಡಲು ಯಾಕೆ ಹಿಂಜರಿದರು? ಆ ಕಾಲದ ತಿಳಿವಳಿಕೆ ಹಾಗಿತ್ತು. ಹಾರ್ವರ್ಡಿನಲ್ಲಿ ವೈದ್ಯಕೀಯ ಕಲಿಸಿದ್ದ ಎಡ್ವರ್ಡ್ ಕ್ಲಾರ್ಕ್ 1873ರಲ್ಲಿ ಒಂದು ಪುಸ್ತಕ ಬರೆದಿದ್ದರು. ಹುಡುಗಿಯರು ಹುಡುಗರ ಹಾಗೆ ಓದಿದರೆ ಗರ್ಭಕೋಶಕ್ಕೆ ಹೋಗಬೇಕಾದ ಶಕ್ತಿ ಮಿದುಳಿಗೆ ಹೋಗಿ ಅವರ ದೇಹ ಕೆಡುತ್ತದೆ, ಮುಟ್ಟಿನ ದಿನಗಳಲ್ಲಂತೂ ಓದು ಕೂಡದು ಎಂಬುದು ಅವರ ವಾದ. ಆ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ನಮ್ಮಲ್ಲಿ ಮೂರು ದಿನ ಹೊರಗೆ ಕೂರಿಸುತ್ತಿದ್ದ ಅಜ್ಜಿಯರಿಗೂ ಅಲ್ಲಿನ ದೊಡ್ಡ ಡಾಕ್ಟರಿಗೂ ಈ ಒಂದು ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ಇದಕ್ಕೆ ಲೆಕ್ಕ ಹಿಡಿದು ಉತ್ತರ ಕೊಟ್ಟವಳೂ ಮನಃಶಾಸ್ತ್ರ ಓದಿದ ಹೆಣ್ಣೇ. ಲೀಟಾ ಹಾಲಿಂಗ್‌ವರ್ತ್ ಶಾಲೆಯಲ್ಲಿ ಕಲಿಸುತ್ತಿದ್ದಳು. ಮದುವೆಯಾಗಿ ನ್ಯೂಯಾರ್ಕಿಗೆ ಬಂದರೆ, ಅಲ್ಲಿ ಮದುವೆಯಾದ ಹೆಂಗಸರನ್ನು ಟೀಚರಾಗಿ ನೇಮಿಸಿಕೊಳ್ಳುತ್ತಿರಲಿಲ್ಲ. ಕೆಲಸವಿಲ್ಲದೆ ಮನೆಯಲ್ಲಿ ಕೂತವಳು ಮತ್ತೆ ಓದಲು ಹೊರಟಳು. ಹೆಂಗಸರ ಕೈಚಳಕ, ಕೈ ನಡುಗದಿರುವ ಸ್ಥಿರತೆ, ಬಣ್ಣಗಳ ಹೆಸರು ಹೇಳುವ ವೇಗ, ಟೈಪಿಂಗ್ ಕಲಿಯುವ ಶಕ್ತಿ, ಇವನ್ನೆಲ್ಲ ದಿನ ಬಿಡದೆ ಅಳೆದಳು. ಮುಟ್ಟಿನ ದಿನಗಳಲ್ಲಿ ಬುದ್ಧಿಯಾಗಲಿ ಕೈಗೆಲಸವಾಗಲಿ ಕುಗ್ಗುವುದಿಲ್ಲ ಎಂದು 1914ರಲ್ಲಿ ಪ್ರಕಟಿಸಿದಳು. ಶತಮಾನಗಳಿಂದ ಎಲ್ಲರೂ ಹೇಳುತ್ತಿದ್ದ ಮಾತನ್ನು ಅಳೆದು ನೋಡಲು ಒಬ್ಬ ಹೆಂಗಸು ವಿಶ್ವವಿದ್ಯಾನಿಲಯಕ್ಕೆ ಹೋಗಬೇಕಾಯಿತು.

ಬೇರೆ ಪದವಿ ಬೇಡ ಎಂದವಳು

ಕಾಲ್ಕಿನ್ಸ್ ಕಥೆ ಇನ್ನೂ ಮುಗಿದಿಲ್ಲ. 1902ರಲ್ಲಿ ಒಂದು ಮಧ್ಯದ ದಾರಿ ಹುಡುಕಿದರು. ಹಾರ್ವರ್ಡಿನ ಮಗ್ಗುಲಲ್ಲೇ ಹೆಣ್ಣುಮಕ್ಕಳಿಗೆಂದು ರ‍್ಯಾಡ್‌ಕ್ಲಿಫ್ ಕಾಲೇಜು ಇತ್ತು. ಆ ಹೆಸರಿನಲ್ಲಿ ಪಿಎಚ್.ಡಿ. ಕೊಡುತ್ತೇವೆ ಎಂದು ಕಾಲ್ಕಿನ್ಸ್ ಸೇರಿ ನಾಲ್ವರಿಗೆ ಹೇಳಿದರು. ತೆಗೆದುಕೋ ಎಂದು ಮುನ್‌ಸ್ಟರ್‌ಬರ್ಗ್ ಕೂಡ ಒತ್ತಾಯಿಸಿದರು. ಆಕೆ ಬೇಡ ಎಂದಳು. ತಾನು ಓದಿದ್ದು ರ‍್ಯಾಡ್‌ಕ್ಲಿಫ್‌ನಲ್ಲಲ್ಲ, ಹಾರ್ವರ್ಡಿನಲ್ಲಿ. ಓದಿದ ಕಡೆಯ ಪದವಿ ಕೊಡದೆ ಪಕ್ಕದ ಮನೆಯದನ್ನು ಕೊಟ್ಟರೆ ಅದನ್ನು ಒಪ್ಪುವುದು ಸರಿಯಲ್ಲ ಎಂಬುದು ಆಕೆಯ ನಿಲುವು.

1905ರಲ್ಲಿ ಆಕೆ ಅಮೆರಿಕದ ಮನಃಶಾಸ್ತ್ರ ಸಂಘಕ್ಕೆ ಅಧ್ಯಕ್ಷೆಯಾದಳು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. 1918ರಲ್ಲಿ ತತ್ತ್ವಶಾಸ್ತ್ರ ಸಂಘಕ್ಕೂ ಅಧ್ಯಕ್ಷೆಯಾದಳು. 1927ರಲ್ಲಿ ಹೆಸರಾಂತ ವಿದ್ವಾಂಸರೆಲ್ಲ ಸೇರಿ, ಈಗಲಾದರೂ ಪದವಿ ಕೊಡಿ ಎಂದು ಹಾರ್ವರ್ಡಿಗೆ ಮನವಿ ಸಲ್ಲಿಸಿದರು. ಆಗಲೂ ಇಲ್ಲ. 1930ರಲ್ಲಿ ಕಾಲ್ಕಿನ್ಸ್ ಪದವಿಯಿಲ್ಲದೆಯೇ ತೀರಿಕೊಂಡಳು. ರ‍್ಯಾಡ್‌ಕ್ಲಿಫ್ ಹುಡುಗಿಯರಿಗೆ ಹಾರ್ವರ್ಡ್ ಹೆಸರಿನ ಪದವಿ ಸಿಗತೊಡಗಿದ್ದು 1963ರಲ್ಲಿ, ಆಕೆ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ.

ಆಕೆಯ ಜೊತೆಯವರಿಗೆ ಸ್ವಲ್ಪ ಬೇರೆ ಅದೃಷ್ಟವಿತ್ತು. ಮಾರ್ಗರೆಟ್ ವಾಶ್‌ಬರ್ನ್‌ಗೆ ಕೊಲಂಬಿಯಾದಲ್ಲಿ ಪಾಠ ಕೇಳಲು ಮಾತ್ರ ಅವಕಾಶ ಸಿಕ್ಕಿತು. ಆಕೆ ಕಾರ್ನೆಲ್‌ಗೆ ಹೋಗಿ 1894ರಲ್ಲಿ ಮನಃಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ ಮೊದಲ ಮಹಿಳೆಯಾದಳು. ಬಣ್ಣ ನಮಗೆ ಹೇಗೆ ಕಾಣುತ್ತದೆ ಎಂಬುದರ ಮೇಲೆ ಕೆಲಸ ಮಾಡಿದ ಕ್ರಿಸ್ಟೀನ್ ಲ್ಯಾಡ್-ಫ್ರಾಂಕ್ಲಿನ್, ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1882ಕ್ಕೇ ಪಿಎಚ್.ಡಿ.ಗೆ ಬೇಕಾದದ್ದೆಲ್ಲ ಮುಗಿಸಿದ್ದಳು. ವಿಶ್ವವಿದ್ಯಾನಿಲಯ ಆ ಪದವಿ ಕೊಟ್ಟದ್ದು 1926ರಲ್ಲಿ. ಆಗ ಆಕೆಗೆ 78 ವರ್ಷ. ಆಕೆ ಬೇಡ ಎನ್ನಲಿಲ್ಲ, ಹೋಗಿ ತೆಗೆದುಕೊಂಡಳು. 62 ಅಂದರೆ ನಾನಿನ್ನೂ ಹುಡುಗಿ!

ಹಾರ್ವರ್ಡಿನಿಂದ ಮೈಸೂರಿಗೆ

ಕಾಲ್ಕಿನ್ಸ್ ಹೊರಗಿನವಳಾಗಿ ಕೆಲಸ ಮಾಡಿದ ಆ ಪ್ರಯೋಗಶಾಲೆಯ ಗುರು ಮುನ್‌ಸ್ಟರ್‌ಬರ್ಗ್ ಬಳಿ ಮುಂದೆ ಒಬ್ಬ ಬಂಗಾಳಿ ತರುಣ ಓದಿದರು, ನರೇಂದ್ರನಾಥ ಸೇನ್‌ಗುಪ್ತ. ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ 1916ರಲ್ಲಿ ಪ್ರಾಯೋಗಿಕ ಮನಃಶಾಸ್ತ್ರದ ವಿಭಾಗ ಶುರುವಾದಾಗ ಅದರ ಹೊಣೆ ಹೊತ್ತವರು ಅವರೇ. ನಮ್ಮ ದೇಶದಲ್ಲಿ ಅದೇ ಮೊದಲ ವಿಭಾಗ. ಅದಕ್ಕೆ ಪಠ್ಯಕ್ರಮವನ್ನು 1905ರಷ್ಟು ಮೊದಲೇ ಸಿದ್ಧಮಾಡಿದ್ದವರು ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್.

ಈ ಸೀಲ್ ಅವರೇ 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಕುಲಪತಿಗಳಾಗಿ ಬಂದರು. ಅವರ ಕಾಲದಲ್ಲಿ, 1924ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತಾ ಬಿಟ್ಟರೆ ಮೈಸೂರೇ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ ಅದರ ಮುಖ್ಯಸ್ಥರು. 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್ ಶಕ್ತಿಯ ಪುಟ್ಟ ಯಂತ್ರವಿಟ್ಟು ರೇಡಿಯೋ ಕೇಂದ್ರ ಶುರುಮಾಡಿದವರೂ ಅವರೇ. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂತು. ಆ ಹೆಸರಿನ ಹಿಂದೆ ಒಬ್ಬ ಮನಃಶಾಸ್ತ್ರದ ಮೇಷ್ಟರು ಇದ್ದರೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಅದೇ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿ 1947ರಲ್ಲಿ ಬಿ.ಎ. ಪದವಿ ಪಡೆದ ಒಬ್ಬ ಹೆಣ್ಣುಮಗಳು ನಮಗೆಲ್ಲ ಗೊತ್ತು. ಅವರ ಹೆಸರು ಅನಸೂಯಾ ಶಂಕರ್. ನಾವು ಕರೆಯುವುದು ತ್ರಿವೇಣಿ ಎಂದು. 35 ತುಂಬುವ ಮೊದಲೇ, 1963ರಲ್ಲಿ, ಹೆಣ್ಣುಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಷ್ಟರೊಳಗೆ ಕನ್ನಡದ ಹೆಂಗಸರ ಮನಸ್ಸಿನ ಕಾಯಿಲೆಗಳನ್ನು ದೆವ್ವವೂ ಅಲ್ಲ, ಪಾಪವೂ ಅಲ್ಲ, ಕಾಯಿಲೆ ಎಂದು ಕಾದಂಬರಿಗಳಲ್ಲಿ ಬರೆದಿಟ್ಟಿದ್ದರು. ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದನ್ನು ಅಡುಗೆಮನೆಯವರೆಗೆ ತಂದವರು ಅವರು.

ಅವರ 'ಶರಪಂಜರ'ದ ಕಾವೇರಿಗೆ ಎರಡನೆಯ ಹೆರಿಗೆಯ ನಂತರ ಬುದ್ಧಿಭ್ರಮಣೆಯಾಗುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆ ಅವಳನ್ನು ಗುಣವಾದವಳೆಂದು ನಂಬುವುದಿಲ್ಲ. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಮೈಸೂರಿನಲ್ಲಿ ನಮ್ಮ ಮನೆಯ ಹೆಂಗಸರೆಲ್ಲ ಆ ಸಿನಿಮಾಕ್ಕೆ ಹೋದೆವು. ನನಗಾಗ ಹತ್ತು ವರ್ಷ. ಪುಟ್ಟತ್ತೆಯನ್ನು ಮಾತ್ರ ಕರೆದುಕೊಂಡು ಹೋಗಲಿಲ್ಲ. ಅವಳಿಗೆ ಬೇಡ ಎಂದು ಅಜ್ಜಿ ಪಿಸುಗುಟ್ಟಿದ್ದು ನೆನಪಿದೆ.

ರಾತ್ರಿ ಮಹಡಿಯಲ್ಲಿ ಅವರ ಪಕ್ಕದಲ್ಲಿ ಮಲಗಿದ್ದೆ. ಕತ್ತಲಲ್ಲಿ ಕೇಳಿದರು: "ಕೊನೆಗೆ ಏನಾಯ್ತೇ ಆ ಕಾವೇರಿಗೆ?"

ಕೊನೆಗೆ ಕಾವೇರಿ ಮತ್ತೆ ಹುಚ್ಚಾಸ್ಪತ್ರೆಗೇ ಹೋಗುತ್ತಾಳೆ. ನಾನು ನೋಡಿ ಬಂದಿದ್ದೆ.

"ಎಲ್ಲ ಸರಿಹೋಯ್ತತ್ತೆ. ಮಕ್ಕಳ ಜೊತೆ ಚೆನ್ನಾಗಿದ್ದಾಳೆ" ಅಂದೆ.

ಅವರು ಏನೂ ಹೇಳಲಿಲ್ಲ, ನನ್ನ ತಲೆ ಸವರಿದರು. ಆ ಸುಳ್ಳು ಅವರಿಗೆ ಗೊತ್ತಾಗಿತ್ತು ಎಂದೇ ಇವತ್ತಿಗೂ ನನ್ನ ಅನಿಸಿಕೆ.

ಈಗ ಗೊತ್ತಿರುವುದು

ಪುಟ್ಟತ್ತೆಗೆ ಬಂದ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಅದು ತುರ್ತಾಗಿ ಆಸ್ಪತ್ರೆಗೆ ಕರೆದೊಯ್ಯಬೇಕಾದ ಸ್ಥಿತಿ, ಮತ್ತು ಚಿಕಿತ್ಸೆಯಿಂದ ಗುಣವಾಗುವಂಥದು. ಬಾಣಂತಿಗೆ ನಿದ್ದೆಯೇ ಬಾರದಿದ್ದರೆ, ವಿಚಿತ್ರ ಸಂಶಯಗಳು ಕಾಡಿದರೆ, ಮಗುವಿನ ಬಗ್ಗೆ ಏನೇನೋ ಮಾತಾಡಿದರೆ ತಾಯಿತಕ್ಕೆ ಕಾಯಬೇಡಿ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಅಲ್ಲಿ 2009ರಲ್ಲಿ ತಾಯಿ-ಮಗು ಘಟಕ ತೆರೆದರು. ಕಾಯಿಲೆಯಾದ ತಾಯಿಯನ್ನು ಮಗುವಿನ ಜೊತೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಾರೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪುಟ್ಟತ್ತೆಯ ಮಗು ಅವರನ್ನು ಅಮ್ಮ ಎಂದು ಕರೆದದ್ದು ತನ್ನ ಮದುವೆಯ ದಿನ.

ನಿಮ್ಮ ಮನೆಯ ಮಕ್ಕಳು ಸೈಕಾಲಜಿ ಓದುತ್ತೇನೆ ಎಂದರೆ ತಿಳಿದಿರಲಿ ಎಂದು ಎರಡು ಮಾತು. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಓದಿದ ಡಾಕ್ಟರುಗಳು, ಔಷಧಿ ಬರೆಯುವವರು ಅವರು. ಚಿಕಿತ್ಸೆ ಕೊಡುವ ಮನಃಶಾಸ್ತ್ರಜ್ಞರಾಗಲು ಎಂ.ಎ. ಒಂದೇ ಸಾಲದು. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ನನ್ನ ಎಂ.ಎ. ಪದವಿಯಿಂದ ನಾನು ಯಾರಿಗೂ ಚಿಕಿತ್ಸೆ ಕೊಡುವಂತಿಲ್ಲ, ಕೊಡುವುದೂ ಇಲ್ಲ. ಯಾರಿಗಾದರೂ ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಹಾಗಾದರೆ ಪದವಿ ಯಾಕೆ? ಗೊಂಬೆಮನೆಯಲ್ಲಿ ಕೇಳಿದ ಗೆಳತಿಗೆ ಈಗ ಹೇಳಬಲ್ಲೆ. ಕಾಲ್ಕಿನ್ಸ್ ಕಲಿತಿದ್ದಳು, ಕಲಿತವಳೆಂದು ಅವರು ಬರೆದುಕೊಡಲಿಲ್ಲ. ಪುಟ್ಟತ್ತೆ ಗುಣವಾಗಿದ್ದರು, ಗುಣವಾದವರೆಂದು ನಾವು ಒಪ್ಪಲಿಲ್ಲ. ಆಗುವುದು ಒಂದು, ಆಗಿದೆ ಎಂದು ನಾಲ್ಕು ಜನ ಒಪ್ಪುವುದು ಇನ್ನೊಂದು. ಹೆಂಗಸರ ವಿಷಯದಲ್ಲಿ ಈ ಎರಡನೆಯದನ್ನು 'ಅದೆಲ್ಲ ಯಾಕೆ' ಎಂದು ಬಹಳ ಸುಲಭವಾಗಿ ಹೇಳಿಬಿಡುತ್ತೇವೆ. ಹಾರ್ವರ್ಡ್ ಬಾಗಿಲು ಹಾಕಿಕೊಂಡು ಹೇಳಿತು. ಮೈಸೂರಿನಲ್ಲಿ ಬಾಗಿಲು ತೆರೆದೇ ಇತ್ತು, ಹೊಸಿಲಿನ ಒಳಗೆ ನಿಂತು ನಮ್ಮವರೇ ಹೇಳಿದರು.

ಪುಟ್ಟತ್ತೆ 2011ರಲ್ಲಿ ಹೋದರು. ಕಳೆದ ಜೂನ್‌ನಲ್ಲಿ ನಾನು ಮೊದಲ ವರ್ಷದ ಪರೀಕ್ಷೆ ಬರೆದೆ. ಸಭಾಂಗಣದಲ್ಲಿ ಎಲ್ಲರೂ ನನ್ನ ಮಗಳಿಗಿಂತ ಚಿಕ್ಕವರು. ಮೇಲ್ವಿಚಾರಕ ಹುಡುಗ ನನ್ನನ್ನು ಕಂಡು, "ಆಂಟಿ, ಪೋಷಕರು ಹೊರಗೆ ಕೂರಬೇಕು" ಅಂದ. ಹಾಲ್ ಟಿಕೆಟ್ ತೋರಿಸಿದೆ. ಅವನು ಹಾಜರಿ ಪಟ್ಟಿಯನ್ನು ನನ್ನ ಮುಂದಿಟ್ಟ. ಅದರಲ್ಲಿ ನನ್ನ ಹೆಸರಿತ್ತು. ಸಹಿ ಮಾಡಿದೆ.